ಕ್ಲೂನಿಯ ಸಂತ ಜೋಸೆಫರ ಸೋದರಿಯರು: ಬರ್ಗಂಡಿಯ ಹಳ್ಳಿಯಲ್ಲಿ ಹುಟ್ಟಿದ ಬೋಧಕ ಸಭೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲೂನಿ ಸಿಸ್ಟರ್‌ಗಳು ಎಂದರೆ ಯಾರು?

ಬೆಂಗಳೂರಿನ ಮಲ್ಲೇಶ್ವರದ ಕ್ಲೂನಿ ಕಾನ್ವೆಂಟ್ ಶಾಲೆಯಿಂದಾಗಿ ‘ಕ್ಲೂನಿ’ ಎಂಬ ಹೆಸರು ಅನೇಕ ಕನ್ನಡಿಗರ ಕಿವಿಗೆ ಬಿದ್ದಿರುತ್ತದೆ. ಆ ಹೆಸರು ಬಂದದ್ದು ‘ಕ್ಲೂನಿಯ ಸಂತ ಜೋಸೆಫರ ಸೋದರಿಯರು’ ಎಂಬ ಕಥೋಲಿಕ ಸನ್ಯಾಸಿನಿಯರ ಸಭೆಯಿಂದ, ಅಂದರೆ ಸಂಘದಿಂದ. ಫ್ರಾನ್ಸಿನ ಬರ್ಗಂಡಿ ಪ್ರಾಂತದ ಒಬ್ಬ ರೈತನ ಮಗಳು, ಆನ್ ಮೇರಿ ಜಾವುಯೆ, ತನ್ನ ಮೂವರು ಒಡಹುಟ್ಟಿದ ತಂಗಿಯರ ಜೊತೆ ಸೇರಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಕಟ್ಟಿದರು. ಹಳ್ಳಿಯ ಮಕ್ಕಳಿಗೆ ಓದು ಕಲಿಸುವುದು ಮತ್ತು ರೋಗಿಗಳ ಆರೈಕೆ ಮಾಡುವುದು ಸಭೆಯ ಮೊದಲ ಕೆಲಸಗಳಾಗಿದ್ದವು. ಇಂದು ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ಈ ಸೋದರಿಯರಿದ್ದಾರೆ.

ಹಾಗಾದರೆ ಈ ಸಭೆ ಕ್ಲೂನಿ ಎಂಬ ಊರಿನಲ್ಲಿ ಹುಟ್ಟಿತೇ?

ಇಲ್ಲ. ಸಭೆಯ ನಿಜವಾದ ತವರು ಶಾಂಬ್ಲಾನ್ ಎಂಬ ಪುಟ್ಟ ಹಳ್ಳಿ. ಅದು ಸೋನ್ ನದಿಯ ಬಯಲಿನಲ್ಲಿ, ಸೆರ್ ಎಂಬ ಪಟ್ಟಣದ ಹತ್ತಿರವಿದೆ. ಅಲ್ಲಿ ಮೊಳೆತದ್ದು ಶಾಲೋನ್ ಪಟ್ಟಣದಲ್ಲಿ ವಿಧಿವತ್ತಾಗಿ ಸ್ಥಾಪನೆಗೊಂಡು, 1812ರಲ್ಲಷ್ಟೇ ಕ್ಲೂನಿಗೆ ಬಂದು ನೆಲೆಯೂರಿತು. ಕ್ಲೂನಿ ಎಂದೊಡನೆ ಇತಿಹಾಸ ಓದಿದವರಿಗೆ ನೆನಪಾಗುವುದು ಕ್ರಿ.ಶ. 910ರಲ್ಲಿ ಸ್ಥಾಪನೆಯಾಗಿ ಮಧ್ಯಯುಗದ ಯುರೋಪಿನಲ್ಲೆಲ್ಲ ಪ್ರಭಾವ ಬೀರಿದ್ದ ಬೆನೆಡಿಕ್ಟೈನ್ ಸನ್ಯಾಸಿಗಳ ಮಹಾಮಠ. ಆ ಮಠಕ್ಕೂ ಈ ಸೋದರಿಯರಿಗೂ ಊರಿನ ಹೆಸರಿನ ಹೊರತು ಬೇರಾವ ಸಂಬಂಧವೂ ಇಲ್ಲ. ಸೋದರಿಯರು ಅಲ್ಲಿಗೆ ಬರುವ ವೇಳೆಗೆ ಫ್ರೆಂಚ್ ಕ್ರಾಂತಿಯ ನಂತರ ಹರಾಜಾಗಿದ್ದ ಆ ಮಹಾಮಠದ ಕಲ್ಲುಗಳನ್ನು ಕೀಳುವ ಕೆಲಸ ವರ್ಷಗಳಿಂದ ನಡೆದಿತ್ತು.

ಆನ್ ಮೇರಿ ಜಾವುಯೆ ಯಾವ ಬಗೆಯ ಮನೆತನದಲ್ಲಿ ಹುಟ್ಟಿದರು?

ಅವರು 1779ರ ನವೆಂಬರ್ 10ರಂದು ಜಲ್ಲಾಂಜ್ ಎಂಬ ಹಳ್ಳಿಯಲ್ಲಿ ಬಾಲ್ತಜಾರ್ ಜಾವುಯೆ ಮತ್ತು ಕ್ಲೋದೀನ್ ಪಾರಿಸೋ ದಂಪತಿಯ ಮಗಳಾಗಿ ಹುಟ್ಟಿದರು. ಹತ್ತು ಮಕ್ಕಳಲ್ಲಿ ಅವರು ಐದನೆಯವರು. ಅವರಿಗೆ ಏಳು ವರ್ಷವಾಗುವ ಹೊತ್ತಿಗೆ, 1786ರಲ್ಲಿ, ಕುಟುಂಬ ಪಕ್ಕದ ಶಾಂಬ್ಲಾನ್‌ಗೆ ಬಂದು ನೆಲೆಸಿತು. ಮನೆಯಲ್ಲಿ ಎಲ್ಲರೂ ಆಕೆಯನ್ನು ‘ನಾನೆತ್’ ಎಂದು ಮುದ್ದಿನಿಂದ ಕರೆಯುತ್ತಿದ್ದರು.

ಈ ಕುಟುಂಬವನ್ನು ಬಡ ರೈತರೆಂದು ಬರೆಯುವವರಿದ್ದಾರೆ, ಅದು ಸರಿಯಲ್ಲ. ಬಾಲ್ತಜಾರ್ ಸ್ವಂತ ಹೊಲ, ದನಕರು, ಧಾನ್ಯದ ದಾಸ್ತಾನು ಇದ್ದ ಅನುಕೂಲಸ್ಥ ರೈತ. ನಮ್ಮ ಹಳ್ಳಿಗಳ ಮಾತಿನಲ್ಲಿ ಹೇಳುವುದಾದರೆ ಉಂಡುಟ್ಟು ನಾಲ್ಕು ಜನಕ್ಕೆ ಇಕ್ಕುವ ಮನೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಮಗಳ ಶಾಲೆಗಳು ಒಂದರ ಹಿಂದೊಂದು ಬರಿಗೈಯಾದಾಗ ಅವನ್ನು ಹಸಿವಿನಿಂದ ಕಾಪಾಡಿದ್ದು ಈ ಕಣಜವೇ.

ಫ್ರೆಂಚ್ ಕ್ರಾಂತಿಗೂ ಸಭೆಯ ಹುಟ್ಟಿಗೂ ಏನು ಸಂಬಂಧ?

ಕ್ರಾಂತಿಯನ್ನು ಬಿಟ್ಟು ಈ ಸಭೆಯ ಕಥೆಯನ್ನು ಹೇಳಲಾಗದು. ಹುಡುಗಿಗೆ ಹತ್ತು ವರ್ಷ ತುಂಬುವ ವರ್ಷದಲ್ಲೇ ಕ್ರಾಂತಿ ಆರಂಭವಾಯಿತು. 1790ರ ಫೆಬ್ರುವರಿಯಲ್ಲಿ ಸನ್ಯಾಸ ವ್ರತಗಳ ಕಾನೂನು ಮಾನ್ಯತೆ ರದ್ದಾಯಿತು. ಅದೇ ವರ್ಷ ಜುಲೈನಲ್ಲಿ ಬಂದ ಕಾಯಿದೆಯೊಂದು ಗುರುಗಳನ್ನು, ಅಂದರೆ ಇಗರ್ಜಿಯ ಪಾದ್ರಿಗಳನ್ನು, ಸರ್ಕಾರದ ಸಂಬಳದಾರರನ್ನಾಗಿ ಮಾಡಿತು. ಆ ಹೊಸ ವ್ಯವಸ್ಥೆಗೆ ಪ್ರಮಾಣ ಮಾಡಬೇಕೆಂಬ ಆಜ್ಞೆಯೂ ಬೆನ್ನಿಗೇ ಬಂತು. ಪ್ರಮಾಣ ಮಾಡಿದವರು ಒಂದು ಕಡೆ, ಮಾಡದವರು ಇನ್ನೊಂದು ಕಡೆ ಎಂದು ದೇಶದ ಗುರುವರ್ಗವೇ ಎರಡಾಗಿ ಸೀಳಿತು. ಶಾಲೆ ಮತ್ತು ಆಸ್ಪತ್ರೆ ನಡೆಸುತ್ತಿದ್ದ ಸೋದರಿಯರ ಸಭೆಗಳನ್ನು ಮೊದಲು ಮುಟ್ಟದೆ ಬಿಟ್ಟಿದ್ದ ಸರ್ಕಾರ, 1792ರ ಆಗಸ್ಟ್ 18ರಂದು ಅವುಗಳನ್ನೂ ವಿಸರ್ಜಿಸಿತು.

ಇದರ ಪರಿಣಾಮ ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು ತಟ್ಟಿತು. ಹಳ್ಳಿಯ ಪಾಲಿಗೆ ಇಗರ್ಜಿಯೆಂದರೆ ಬರಿಯ ಪೂಜೆಯ ಸ್ಥಳವಾಗಿರಲಿಲ್ಲ. ಹುಟ್ಟು, ಮದುವೆ, ಸಾವುಗಳ ದಾಖಲೆ ಇರುತ್ತಿದ್ದದ್ದು ಅಲ್ಲಿ. ಹೊತ್ತು ತಿಳಿಸುತ್ತಿದ್ದದ್ದು ಅಲ್ಲಿಯ ಗಂಟೆ. ಮಕ್ಕಳು ನಾಲ್ಕಕ್ಷರ ಕಲಿಯುತ್ತಿದ್ದದ್ದೂ ಬಹುಪಾಲು ಅದರ ನೆರಳಿನಲ್ಲೇ. ಪ್ರಮಾಣ ಮಾಡಲೊಪ್ಪದ ಗುರುಗಳು ತಲೆಮರೆಸಿಕೊಂಡು ಹಳ್ಳಿಯಿಂದ ಹಳ್ಳಿಗೆ ತಿರುಗತೊಡಗಿದರು. ಅಂಥವರಿಗೆ ಆಶ್ರಯ ಕೊಟ್ಟವರು ಒಂದು ಹಂತದಲ್ಲಿ ಮರಣದಂಡನೆಗೂ ಗುರಿಯಾಗಬಹುದಿತ್ತು. ಇಂಥ ದಿನಗಳಲ್ಲಿ ಜಾವುಯೆ ಮನೆ ಅವರಿಗೆ ಬಾಗಿಲು ತೆರೆಯಿತು. ರಾತ್ರಿ ಹೊತ್ತು ಮನೆಯೊಳಗೆ ಗುಟ್ಟಾಗಿ ಬಲಿಪೂಜೆ (ಕಥೋಲಿಕರ ಮುಖ್ಯ ಆರಾಧನೆಯಾದ ‘ಮಾಸ್’) ನಡೆಯುವಾಗ ಹೊರಗೆ ಕಾವಲು ನಿಲ್ಲುವುದು, ಅಡಗಿದ್ದ ಗುರುಗಳನ್ನು ರೋಗಿಯ ಹಾಸಿಗೆಯ ಬಳಿಗೆ ದಾರಿ ತೋರಿಸಿ ಕರೆದೊಯ್ಯುವುದು, ಇವು ಹದಿಹರೆಯದ ನಾನೆತ್‌ಳ ಪಾಲಿನ ಕೆಲಸಗಳಾದವು. ಗುರುಗಳಿಲ್ಲದ ಊರಿನಲ್ಲಿ ಮಕ್ಕಳಿಗೆ ಪ್ರಾರ್ಥನೆ, ಧರ್ಮೋಪದೇಶಗಳನ್ನು ಹೇಳಿಕೊಡುವ ಕೆಲಸವೂ ಆಕೆಯ ಕೈಗೇ ಬಂತು. ಹೀಗೆ ಯಾರೂ ನೇಮಿಸದೆಯೇ ಆಕೆ ಊರಿನ ಉಪಾಧ್ಯಾಯಿನಿಯಾದಳು.

1798ರ ನವೆಂಬರ್ 11ನ್ನು ಸ್ಥಾಪನೆಯ ದಿನವೆಂದು ಕರೆಯಬಹುದೇ?

ಆ ದಿನ ಸ್ಥಾಪನೆಯಾದದ್ದು ಸಭೆಯಲ್ಲ, ಒಬ್ಬ ಹೆಣ್ಣುಮಗಳ ಸಂಕಲ್ಪ. ಹತ್ತೊಂಬತ್ತು ತುಂಬಿದ ಮರುದಿನ, ತಂದೆಯ ಮನೆಯಲ್ಲಿ ಅಡಗುತ್ತಿದ್ದ ಗುರು ಬಲಾಂಶ್ ಅವರು ಗುಟ್ಟಾಗಿ ಅರ್ಪಿಸಿದ ಬಲಿಪೂಜೆಯ ವೇಳೆ, ಮನೆಯವರ ಎದುರಿನಲ್ಲಿ, ಬಡವರ ಸೇವೆಗೂ ಮಕ್ಕಳ ಶಿಕ್ಷಣಕ್ಕೂ ತನ್ನ ಜೀವನವನ್ನು ಮುಡಿಪಾಗಿಡುವುದಾಗಿ ಆಕೆ ವಚನ ಕೊಟ್ಟರು. ಆ ಕ್ಷಣ ದೇಶದಲ್ಲಿ ಕಾನೂನುಬದ್ಧ ಸನ್ಯಾಸಿನಿಯರ ಮಠವೊಂದೂ ಇರಲಿಲ್ಲವೆಂಬುದನ್ನು ನೆನೆದರೆ ಆ ವಚನದ ತೂಕ ತಿಳಿಯುತ್ತದೆ. ಸೇರಿಕೊಳ್ಳಲು ಮಠವಿಲ್ಲ, ತೊಡಲು ಉಡುಪಿಲ್ಲ, ಪಾಲಿಸಲು ನಿಯಮಾವಳಿಯಿಲ್ಲ. ಅಷ್ಟೇ ಅಲ್ಲ, 1797ರ ಸೆಪ್ಟೆಂಬರಿನ ರಾಜಕೀಯ ಕ್ಷಿಪ್ರಕ್ರಾಂತಿಯ ನಂತರ ಗುರುಗಳ ಬೇಟೆ ಮತ್ತೆ ಬಿಗಿಯಾಗಿ, ಸಿಕ್ಕಿಬಿದ್ದವರನ್ನು ದಕ್ಷಿಣ ಅಮೆರಿಕದ ಗಯಾನಾ ವಸಾಹತಿಗೆ ಗಡೀಪಾರು ಮಾಡಲಾಗುತ್ತಿತ್ತು. ಅದೇ ಗಯಾನಾಕ್ಕೆ ಮೂವತ್ತು ವರ್ಷಗಳ ಬಳಿಕ ಈಕೆ ತಾವೇ ಹಡಗು ಹತ್ತಿ ಹೋದರು.

ನನ್ನ ಅಭಿಪ್ರಾಯದಲ್ಲಿ ಈ ಸಭೆಗೆ ಒಂದೇ ಒಂದು ಸ್ಥಾಪನಾ ದಿನವನ್ನು ಹುಡುಕುವುದೇ ದಾರಿ ತಪ್ಪಿದ ಹುಡುಕಾಟ. ಶಾಂಬ್ಲಾನ್‌ನ 1798ರ ಆ ಬೆಳಗಿನಿಂದ ಕ್ಲೂನಿಯ 1812ರವರೆಗಿನ ಹದಿನಾಲ್ಕು ವರ್ಷಗಳಲ್ಲಿ ಅದು ಎದ್ದು, ಬಿದ್ದು, ಮತ್ತೆ ಎದ್ದು ರೂಪುಗೊಂಡಿತು.

ಆ ಕಾಲದ ಹಳ್ಳಿಯ ಹೆಣ್ಣುಮಕ್ಕಳಿಗೆ ಶಾಲೆ ಇರಲಿಲ್ಲವೇ?

ಕೆಲವೆಡೆ ಇತ್ತು, ಬಹಳಷ್ಟು ಕಡೆ ಇರಲಿಲ್ಲ. ಮದುವೆಯ ದಾಖಲೆ ಪುಸ್ತಕಗಳಲ್ಲಿ ವಧೂವರರು ಸಹಿ ಮಾಡಿದ್ದಾರೋ, ಬರಿಯ ಗುರುತು ಹಾಕಿದ್ದಾರೋ ಎಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನಾದ್ಯಂತ ಎಣಿಕೆ ನಡೆಯಿತು. ಅದರ ಪ್ರಕಾರ, ಕ್ರಾಂತಿಗೆ ಸ್ವಲ್ಪ ಮುಂಚಿನ 1786ರಿಂದ 1790ರ ಅವಧಿಯಲ್ಲಿ ತಮ್ಮ ಹೆಸರು ಬರೆಯಬಲ್ಲ ವರರು ಶೇಕಡಾ 47, ವಧುಗಳು ಶೇಕಡಾ 27. ಈ ಅಂತರಕ್ಕೆ ಒಂದು ಕಾರಣ ಅಂದಿನ ಕಲಿಕೆಯ ಕ್ರಮದಲ್ಲೇ ಇತ್ತು. ಓದು ಮತ್ತು ಬರಹವನ್ನು ಒಟ್ಟಿಗೆ ಕಲಿಸುತ್ತಿರಲಿಲ್ಲ. ಮೊದಲು ಓದು, ಅದು ಕೈಗೂಡಿದ ಮೇಲೆ ಬರಹ, ಬರಹ ಬಂದವರಿಗೆ ಲೆಕ್ಕ. ಪ್ರತಿ ಮೆಟ್ಟಿಲಿಗೂ ಪಾಲಕರು ಕೊಡಬೇಕಾದ ಶುಲ್ಕ ಏರುತ್ತಿತ್ತು. ಹಸು ಮೇಯಿಸಲೋ ತಮ್ಮತಂಗಿಯರನ್ನು ಎತ್ತಿ ಆಡಿಸಲೋ ಮನೆಗೆ ಬೇಕಾದ ಹುಡುಗಿ ಮೊದಲ ಮೆಟ್ಟಿಲಿನಲ್ಲೇ ಶಾಲೆ ಬಿಡುತ್ತಿದ್ದಳು. ಪ್ರಾರ್ಥನೆ ಪುಸ್ತಕವನ್ನು ಓದಬಲ್ಲ, ಆದರೆ ಸ್ವಂತ ಹೆಸರನ್ನು ಬರೆಯಲಾರದ ಹೆಂಗಸರು ಆ ಕಾಲದ ಹಳ್ಳಿಗಳಲ್ಲಿ ಬೇಕಾದಷ್ಟಿದ್ದರು.

ಕ್ರಾಂತಿಯ ಸರ್ಕಾರಗಳು ಸಾರ್ವತ್ರಿಕ ಶಿಕ್ಷಣದ ದೊಡ್ಡ ಯೋಜನೆಗಳನ್ನೇನೋ ಬರೆದವು. ಆದರೆ 1795ರ ಅಕ್ಟೋಬರಿನ ಶಿಕ್ಷಣ ಕಾಯಿದೆ ಬರುವ ಹೊತ್ತಿಗೆ ಪ್ರಾಥಮಿಕ ಶಿಕ್ಷಕರಿಗೆ ಸರ್ಕಾರ ಸಂಬಳ ಕೊಡುವ ಮಾತೇ ಬಿಟ್ಟುಹೋಗಿತ್ತು. ಹಳೆಯ ಶಾಲೆಗಳು ಮುಚ್ಚಿದ್ದವು, ಹೊಸವು ತೆರೆಯಲಿಲ್ಲ. ಹತ್ತು ವರ್ಷಗಳ ಕಾಲ ಒಂದು ತಲೆಮಾರಿನ ಹಳ್ಳಿ ಮಕ್ಕಳು ಪುಸ್ತಕದ ಮುಖ ನೋಡದೆ ಬೆಳೆದರು. ಆನ್ ಮೇರಿ ಕಣ್ಣೆದುರು ಕಂಡ ಕೊರತೆ ಇದು.

ಅವರು ಆಗಲೇ ಇದ್ದ ಯಾವುದಾದರೂ ಸಭೆಯನ್ನು ಏಕೆ ಸೇರಲಿಲ್ಲ?

ಸೇರಲು ಪ್ರಯತ್ನಿಸಿದರು, ಎರಡು ಬಾರಿ. 1800ರಲ್ಲಿ ಬೆಸಾನ್ಸೋನ್ ನಗರದಲ್ಲಿ, ಆಗಷ್ಟೇ ಹಿಂದಿನ ವರ್ಷ ಜಾನ್ ಅಂತೀದ್ ತೂರೆ ಎಂಬವರು ಆರಂಭಿಸಿದ್ದ ಸೋದರಿಯರ ಗುಂಪಿಗೆ ಹೋಗಿ ಸೇರಿದರು. ಆದರೆ ವ್ರತ ಸ್ವೀಕರಿಸುವ ಗಳಿಗೆ ಹತ್ತಿರವಾದಂತೆ ತಮ್ಮ ಜಾಗ ಇದಲ್ಲವೆಂಬ ಅಳುಕು ಬಲಿಯಿತು. ಅಲ್ಲಿ ಅವರಿಗಾದ ಅನುಭವವೊಂದನ್ನು ಸಭೆಯ ಪರಂಪರೆ ಇಂದಿಗೂ ಹೇಳುತ್ತದೆ. ಒಂದು ಬೆಳಗ್ಗೆ ಎಚ್ಚರವಾದಾಗ, ಬೇರೆ ಬೇರೆ ಮೈಬಣ್ಣದ ಮಕ್ಕಳು ಸುತ್ತ ನಿಂತಿದ್ದಂತೆ ಅವರಿಗೆ ಕಂಡಿತು. ಇವರು ದೇವರು ನಿನಗೆ ಕೊಡುತ್ತಿರುವ ಮಕ್ಕಳು ಎಂಬ ಮಾತು ಕೇಳಿಸಿತು. ಮಾತನಾಡಿದವರು ತಾವು ಸಂತ ತೆರೇಸ (ಹದಿನಾರನೆಯ ಶತಮಾನದ ಸ್ಪೇನಿನ ಸನ್ಯಾಸಿನಿ, ಅವಿಲದ ತೆರೇಸ) ಎಂದು ಹೇಳಿಕೊಂಡರು. ಬರ್ಗಂಡಿಯ ಬಯಲು ಬಿಟ್ಟು ಹೆಚ್ಚು ದೂರ ಹೋಗಿರದ ಇಪ್ಪತ್ತು ವರ್ಷದ ರೈತನ ಮಗಳಿಗೆ ಆ ಮಕ್ಕಳು ಯಾವ ದೇಶದವರೆಂದು ಗೊತ್ತಾಗಲಿಲ್ಲ. ಹದಿನಾರು, ಹದಿನೇಳು ವರ್ಷಗಳ ನಂತರ ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪದ ಅಧಿಕಾರಿಯೊಬ್ಬರು ತಮ್ಮ ದ್ವೀಪದ ಜನರನ್ನು ವರ್ಣಿಸಿ ಸೋದರಿಯರನ್ನು ಕಳಿಸಿಕೊಡಿ ಎಂದು ಕೇಳಿದಾಗ, ಆ ದಿನ ಕಂಡದ್ದರ ಅರ್ಥ ಹೊಳೆಯಿತೆಂದು ಅವರೇ ಹೇಳುತ್ತಿದ್ದರು.

ಎರಡನೆಯ ಪ್ರಯತ್ನ 1803ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಮೌನವ್ರತಕ್ಕೆ ಹೆಸರಾದ ಟ್ರ್ಯಾಪಿಸ್ಟ್ ಸನ್ಯಾಸಿಗಳ ಹಿರಿಯ ದೋಮ್ ಅಗಸ್ಟಿನ್ ದ ಲೆಸ್ತ್ರಾಂಜ್ ಅವರ ಮಾರ್ಗದರ್ಶನದಲ್ಲಿದ್ದ ಸನ್ಯಾಸಿನಿಯರ ಮಠಕ್ಕೆ ಅವರು ಹೋದರು. ಕ್ರಾಂತಿಯ ಬಿರುಗಾಳಿಯಲ್ಲಿ ತಮ್ಮ ಸನ್ಯಾಸಿಗಳನ್ನು ದೇಶದೇಶ ಅಲೆಸಿ ಉಳಿಸಿಕೊಂಡಿದ್ದ ಆ ಅನುಭವಿ, ಈಕೆಯನ್ನು ಗೋಡೆಯೊಳಗೆ ಇರಿಸಿಕೊಳ್ಳುವ ಬದಲು, ಹೊರಗೆ ಹೋಗಿ ಸ್ವಂತ ಸಭೆಯನ್ನು ಕಟ್ಟುವಂತೆ ಹೇಳಿ ಕಳಿಸಿದರು. ಇದು ಈ ಕಥೆಯ ದೊಡ್ಡ ತಿರುವು.

ಮೊದಲ ಶಾಲೆಗಳು ಎಲ್ಲಿದ್ದವು? ಅವು ಏಕೆ ನಿಲ್ಲಲಿಲ್ಲ?

ಬೆಸಾನ್ಸೋನ್‌ನಿಂದ ಮರಳಿದ ಮೇಲೆ ಸೆರ್ ಪಟ್ಟಣದಲ್ಲಿ, ಆಮೇಲೆ ಡೋಲ್ ನಗರದ ಸುತ್ತಲಿನ ಸೂವಾನ್ ಮತ್ತು ಶ್ವಾಸೇ ಹಳ್ಳಿಗಳಲ್ಲಿ ಅವರು ಶಾಲೆ ನಡೆಸಿದರು. ಮಕ್ಕಳು ಬರಲಿಲ್ಲವೆಂದು ಇವು ಸೋತದ್ದಲ್ಲ. ಮಕ್ಕಳು ಧಾರಾಳವಾಗಿ ಬಂದರು. ಸೋತದ್ದು ಬದುಕಿನ ಲೆಕ್ಕಾಚಾರ. ಬಡ ಮಕ್ಕಳಿಂದ ಶುಲ್ಕ ಪಡೆಯುವಂತಿರಲಿಲ್ಲ, ಊರಿನ ಆಡಳಿತದ ಬಳಿ ಹಣವಿರಲಿಲ್ಲ, ಜೊತೆಗೆ ಅನಾಥ ಮಕ್ಕಳಿಗೆ ಊಟ ಮತ್ತು ವಸತಿಯನ್ನೂ ಕೊಡಬೇಕೆಂಬ ಹಂಬಲ ಬೇರೆ. ಬಾಡಿಗೆ, ಸೌದೆ, ಹಿಟ್ಟು ಎಲ್ಲಕ್ಕೂ ಕೊನೆಗೆ ಶಾಂಬ್ಲಾನ್ ಕಡೆಗೇ ಮುಖ ಮಾಡಬೇಕಾಗುತ್ತಿತ್ತು.

ಬಾಲ್ತಜಾರ್ ಆರಂಭದಲ್ಲಿ ಇದನ್ನು ಒಪ್ಪಿರಲಿಲ್ಲ. ಮನೆಯ ಕೆಲಸದಲ್ಲಿ ಚುರುಕಾಗಿದ್ದ, ಒಳ್ಳೆಯ ಮನೆ ಸೇರಬಹುದಾಗಿದ್ದ ಮಗಳು ಹೀಗೆ ಊರೂರು ತಿರುಗುವುದು ಯಾವ ತಂದೆಗೆ ಸಮಾಧಾನ ತಂದೀತು? ಅದರ ಮೇಲೆ ಪಿಯರೆತ್, ಮಾರಿ ಫ್ರಾಂಸ್ವಾಸ್, ಕ್ಲೋದೀನ್ ಎಂಬ ಉಳಿದ ಮೂವರು ಹೆಣ್ಣುಮಕ್ಕಳೂ ಅಕ್ಕನ ಹಿಂದೆಯೇ ನಡೆದರು. ಆದರೂ ಆತ ಮಕ್ಕಳ ಕೈಬಿಡಲಿಲ್ಲ. ಅಸಮಾಧಾನದ ನಡುವೆಯೂ ಅವರಿಗೆ ಆಹಾರ ಒದಗಿಸುತ್ತಲೇ ಇದ್ದ. ಸ್ಥಾಪಕಿಯರ ಜೀವನ ಚರಿತ್ರೆಗಳಲ್ಲಿ ದರ್ಶನ ಮತ್ತು ಪವಾಡಗಳಿಗೆ ಸಿಗುವ ಪುಟಗಳಲ್ಲಿ ಒಂದಿಷ್ಟು ಇಂಥ ತಂದೆಯರಿಗೂ ಸಲ್ಲಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಪೋಪ್ ಅವರನ್ನು ಭೇಟಿ ಮಾಡಿದ್ದು ನಿಜವೇ?

ನಿಜ. ನೆಪೋಲಿಯನ್ನನ ಪಟ್ಟಾಭಿಷೇಕಕ್ಕೆಂದು ಪ್ಯಾರಿಸ್ಸಿಗೆ ಬಂದಿದ್ದ ಏಳನೆಯ ಪಿಯುಸ್ ಅವರು 1805ರ ಏಪ್ರಿಲ್‌ನಲ್ಲಿ ರೋಮಿಗೆ ಮರಳುವಾಗ ಶಾಲೋನ್‌ನಲ್ಲಿ ತಂಗಿದ್ದರು. ನಾಲ್ವರು ಜಾವುಯೆ ಸೋದರಿಯರು ಅವರನ್ನು ಕಂಡು ತಮ್ಮ ಉದ್ದೇಶವನ್ನು ತಿಳಿಸಿ ಆಶೀರ್ವಾದ ಪಡೆದರು. ಈ ಭೇಟಿಯ ನಂತರ ಶಾಲೋನ್ ಅವರ ಕೇಂದ್ರವಾಯಿತು. ಪಟ್ಟಣದ ಆಡಳಿತ ಹಳೆಯ ಗುರುಮಠದ (ಪಾದ್ರಿಗಳ ತರಬೇತಿ ಕೇಂದ್ರದ) ಕಟ್ಟಡವನ್ನು ಶಾಲೆಗೆ ಬಿಟ್ಟುಕೊಟ್ಟಿತು. ಆಶೀರ್ವಾದಕ್ಕಿಂತ ಕಟ್ಟಡ ಮುಖ್ಯವೆಂದು ಹೇಳುತ್ತಿಲ್ಲ, ಆದರೆ ಸ್ವಂತ ಸೂರಿಲ್ಲದೆ ಐದು ವರ್ಷ ಅಲೆದವರಿಗೆ ಎರಡೂ ಬೇಕಿದ್ದವು.

ಸನ್ಯಾಸಿನಿಯರ ಸಭೆಗೆ ನೆಪೋಲಿಯನ್ನನ ಸಹಿ ಏಕೆ ಬೇಕಾಯಿತು?

1801ರ ಒಪ್ಪಂದದಲ್ಲಿ ಪೋಪ್ ಮತ್ತು ಫ್ರೆಂಚ್ ಸರ್ಕಾರ ರಾಜಿಯಾದರೂ, ಸನ್ಯಾಸ ಸಭೆಗಳಿಗೆ ಅದರಲ್ಲಿ ಜಾಗ ಸಿಗಲಿಲ್ಲ. 1804ರ ಜೂನ್ 22ರ ಆಜ್ಞೆಯಂತೆ, ಚಕ್ರವರ್ತಿಯ ಅನುಮತಿಯಿಲ್ಲದೆ ಯಾವ ಸಭೆಯೂ ದೇಶದಲ್ಲಿ ಇರುವಂತಿರಲಿಲ್ಲ. ಬರಿಯ ಧ್ಯಾನ ಮತ್ತು ಪ್ರಾರ್ಥನೆಯ ಮಠಗಳ ಬಗ್ಗೆ ನೆಪೋಲಿಯನ್ನನಿಗೆ ಒಲವಿರಲಿಲ್ಲ. ಆದರೆ ಶಾಲೆ ನಡೆಸುವ, ರೋಗಿಗಳನ್ನು ನೋಡಿಕೊಳ್ಳುವ ಹೆಂಗಸರು ಸರ್ಕಾರಕ್ಕೆ ಬೇಕಾಗಿದ್ದರು. ಅವರ ಖರ್ಚು ಕಡಿಮೆ, ಶಿಸ್ತು ಹೆಚ್ಚು, ಹಳ್ಳಿಯಲ್ಲಿ ನಂಬಿಕೆಯೂ ಇತ್ತು.

ಹಾಗಾಗಿ ಓತೂನ್ ಧರ್ಮಪ್ರಾಂತದ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) ಒಪ್ಪಿಗೆಯ ಜೊತೆಗೆ ಸರ್ಕಾರದ ಮಂಜೂರಾತಿಗೂ ಅರ್ಜಿ ಹೋಯಿತು. ನೆಪೋಲಿಯನ್ ಪ್ರಷ್ಯಾದ ಮೇಲಿನ ದಂಡಯಾತ್ರೆಯಲ್ಲಿ ಇಂದಿನ ಪೋಲೆಂಡಿನ ಪೋಸೆನ್ ನಗರದಲ್ಲಿ ಬೀಡುಬಿಟ್ಟಿದ್ದಾಗ, 1806ರ ಡಿಸೆಂಬರ್ 12ರಂದು ‘ಸಂತ ಜೋಸೆಫರ ಸಂಘ’ಕ್ಕೆ ಅನುಮತಿಯ ಆಜ್ಞೆ ಹೊರಟಿತು. ಸೈನ್ಯದ ಕಾಗದಪತ್ರಗಳ ನಡುವೆ ಬರ್ಗಂಡಿಯ ಹಳ್ಳಿ ಶಾಲೆಯ ಉಪಾಧ್ಯಾಯಿನಿಯರ ಕಡತವೂ ಚಕ್ರವರ್ತಿಯ ಮೇಜಿಗೆ ಬಂದಿತ್ತು.

ವಿಧಿವತ್ತಾದ ಸ್ಥಾಪನೆ ಯಾವಾಗ ನಡೆಯಿತು?

1807ರ ಮೇ 12ರಂದು, ಶಾಲೋನ್‌ನ ಸಂತ ಪೇತ್ರರ ದೇವಾಲಯದಲ್ಲಿ. ಓತೂನ್‌ನ ಧರ್ಮಾಧ್ಯಕ್ಷ (ಬಿಷಪ್) ಆಂಬರ್ತೀ ಅವರ ಸಮ್ಮುಖದಲ್ಲಿ ನಾಲ್ವರು ಜಾವುಯೆ ಸೋದರಿಯರೂ ಇನ್ನೈವರೂ, ಒಟ್ಟು ಒಂಬತ್ತು ಮಂದಿ, ನೀಲಿ ನಿಲುವಂಗಿಯ ಸನ್ಯಾಸ ಉಡುಪನ್ನು ಧರಿಸಿ ವ್ರತ ಸ್ವೀಕರಿಸಿದರು. ಆನ್ ಮೇರಿ ಅವರೇ ಹಿರಿಯ ಮಾತೆಯಾಗಿ ಆಯ್ಕೆಯಾದರು. ಆಗ ಅವರ ವಯಸ್ಸು ಇಪ್ಪತ್ತೇಳು.

ಕ್ಲೂನಿಗೆ ಹೋದದ್ದು ಹೇಗೆ?

ಶಾಲೋನ್ ಮತ್ತು ಓತೂನ್‌ಗಳಲ್ಲಿ ಬಳಸುತ್ತಿದ್ದ ಕಟ್ಟಡಗಳು ಬೇರೆಯವರವು, ಕೇಳಿದಾಗ ಬಿಟ್ಟುಕೊಡಬೇಕಾದಂಥವು. ಓತೂನ್‌ನಲ್ಲಿ ಸೋದರಿಯರು ಸ್ಪೇನಿನ ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರ ಶುಶ್ರೂಷೆಯನ್ನೂ ಮಾಡಿದ್ದರು. ಸಭೆಗೆ ಸೇರುವ ಹುಡುಗಿಯರ ಸಂಖ್ಯೆ ಏರುತ್ತಿದ್ದುದರಿಂದ ಅವರನ್ನು ತರಬೇತು ಮಾಡಲು ಸ್ವಂತ ಮನೆ ಅಗತ್ಯವಾಯಿತು. 1812ರಲ್ಲಿ ಬಾಲ್ತಜಾರ್ ತನ್ನ ಹಣ ಹಾಕಿ, ಕ್ಲೂನಿಯಲ್ಲಿ ಖಾಲಿ ಬಿದ್ದಿದ್ದ ರೆಕೊಲೆಟ್ ಎಂಬ ಫ್ರಾನ್ಸಿಸ್ಕನ್ ಶಾಖೆಯ ಸನ್ಯಾಸಿಗಳ ಹಳೆಯ ಮಠವನ್ನು ಕೊಂಡುಕೊಟ್ಟ. ಅಂದಿನಿಂದ ಸಭೆಗೆ ‘ಕ್ಲೂನಿಯ’ ಎಂಬ ವಿಶೇಷಣ ಅಂಟಿತು.

ಇವರಿಗೂ ಗೋಡೆಯೊಳಗಿನ ಮಠವಾಸಿ ಸನ್ಯಾಸಿನಿಯರಿಗೂ ವ್ಯತ್ಯಾಸವೇನು?

ಮಠವಾಸಿಗಳು ತಮ್ಮ ಆವರಣವನ್ನು ಬಿಟ್ಟು ಹೊರಬರುವುದಿಲ್ಲ. ಪ್ರತಿ ಮಠವೂ ಬಹುಮಟ್ಟಿಗೆ ಸ್ವತಂತ್ರ. ಕ್ಲೂನಿಯಂಥ ಸಭೆಗಳಲ್ಲಿ ಒಬ್ಬ ಮಹಾಮಾತೆಯ ಕೆಳಗೆ ಎಲ್ಲ ಮನೆಗಳೂ ಬರುತ್ತವೆ, ಮತ್ತು ಇಬ್ಬರನ್ನೋ ಮೂವರನ್ನೋ ಎಲ್ಲಿಗೆ ಬೇಕಾದರೂ ಕಳಿಸಬಹುದು. ಒಬ್ಬ ಸೋದರಿ ಕಾಯಿಲೆ ಬಿದ್ದರೆ ಇನ್ನೊಬ್ಬರು ಬರುತ್ತಾರೆ, ಶಾಲೆ ನಿಲ್ಲುವುದಿಲ್ಲ. ಈ ಏರ್ಪಾಡು ಹಳ್ಳಿಗಳಿಗೆ ಎಷ್ಟು ಹೊಂದಿತೆಂದರೆ, 1800ರಿಂದ 1880ರ ನಡುವೆ ಫ್ರಾನ್ಸಿನಲ್ಲಿ ಇಂಥ ಸುಮಾರು 400 ಸಭೆಗಳು ಹುಟ್ಟಿದವು ಇಲ್ಲವೇ ಮರುಹುಟ್ಟು ಪಡೆದವು. ಸುಮಾರು 2 ಲಕ್ಷ ಹೆಣ್ಣುಮಕ್ಕಳು ಅವುಗಳನ್ನು ಸೇರಿದರು.

ಒಂದು ಮಾತು ಇಲ್ಲಿ ಸೇರಿಸಬೇಕು. ‘ಕಾನ್ವೆಂಟ್’ ಎಂದರೆ ಮೂಲದಲ್ಲಿ ಸನ್ಯಾಸಿನಿಯರು ವಾಸಿಸುವ ಮನೆ. ಆ ಮನೆಯ ಪಕ್ಕದಲ್ಲಿ ಶಾಲೆ ಇರುತ್ತಿದ್ದುದರಿಂದ ಕನ್ನಡದಲ್ಲಿ ಶಾಲೆಗೇ, ಅದರಲ್ಲೂ ಇಂಗ್ಲಿಷ್ ಮಾಧ್ಯಮದ ಯಾವುದೇ ಶಾಲೆಗೆ, ಆ ಹೆಸರು ನಿಂತುಬಿಟ್ಟಿದೆ.

ಅವರ ಶಾಲೆಗಳಲ್ಲಿ ಕಲಿಸುವ ವಿಧಾನ ಹೇಗಿತ್ತು?

ಆರಂಭದ ಹಳ್ಳಿ ಶಾಲೆಗಳಲ್ಲಿ ಓದು, ಧರ್ಮೋಪದೇಶ, ಹೊಲಿಗೆ, ನೂಲುವಿಕೆ ಮುಖ್ಯವಾಗಿದ್ದವು. ದೊಡ್ಡ ಬದಲಾವಣೆ ಬಂದದ್ದು 1815ರ ಆಸುಪಾಸಿನಲ್ಲಿ, ಪ್ಯಾರಿಸ್ಸಿನಲ್ಲಿ ಶಾಲೆ ತೆರೆದಾಗ. ಆಗ ಇಂಗ್ಲೆಂಡಿನಿಂದ ಫ್ರಾನ್ಸಿಗೆ ಹೊಸದಾಗಿ ಬಂದಿದ್ದ ‘ಪರಸ್ಪರ ಬೋಧನೆ’ಯ ಪದ್ಧತಿಯನ್ನು ಆನ್ ಮೇರಿ ಕೈಗೆತ್ತಿಕೊಂಡರು. ಒಬ್ಬರೇ ಉಪಾಧ್ಯಾಯರು ಮೊದಲು ಚುರುಕಾದ ಹಿರಿಯ ಮಕ್ಕಳಿಗೆ ಪಾಠ ಹೇಳುತ್ತಾರೆ. ಆ ಮಕ್ಕಳು ತಲಾ ಹತ್ತು ಹನ್ನೆರಡು ಕಿರಿಯರ ಗುಂಪಿಗೆ ಅದನ್ನೇ ಕಲಿಸುತ್ತಾರೆ. ಪ್ರತಿಯೊಬ್ಬರಿಗೂ ಪುಸ್ತಕ ಬೇಕಿಲ್ಲ, ಗೋಡೆಗೆ ತೂಗುಹಾಕಿದ ದೊಡ್ಡಕ್ಷರದ ಹಲಗೆ ಸಾಕು. ಕಾಗದ ಬೇಕಿಲ್ಲ, ಚಿಕ್ಕವರು ಮರಳು ಹರಡಿದ ಮೇಜಿನ ಮೇಲೆ ಬೆರಳಿನಿಂದ ತಿದ್ದುತ್ತಾರೆ, ದೊಡ್ಡವರು ಸ್ಲೇಟಿನ ಮೇಲೆ ಬರೆಯುತ್ತಾರೆ. ಓದು ಮತ್ತು ಬರಹ ಒಟ್ಟೊಟ್ಟಿಗೆ ಸಾಗುತ್ತವೆ. ಮೊದಲ ಮೆಟ್ಟಿಲಿನಲ್ಲೇ ಶಾಲೆ ಬಿಡುತ್ತಿದ್ದ ಹುಡುಗಿಗೆ ಇದರಿಂದ ಎಂಥ ಅನುಕೂಲವೆಂಬುದನ್ನು ವಿವರಿಸಬೇಕಾಗಿಲ್ಲ.

ಕನ್ನಡ ಓದುಗರಿಗೆ ಈ ಮರಳಿನ ಚಿತ್ರ ಅಪರಿಚಿತವಲ್ಲ. ನಮ್ಮ ಕೂಲಿಮಠಗಳಲ್ಲಿ ಮಕ್ಕಳು ಓಂಕಾರ ತಿದ್ದುತ್ತಿದ್ದದ್ದೂ ಮರಳಿನ ಮೇಲೆಯೇ. ಇದು ಕಾಕತಾಳೀಯವೂ ಅಲ್ಲ. ಆಂಡ್ರೂ ಬೆಲ್ ಎಂಬ ಪಾದ್ರಿ ಮದರಾಸಿನ ಅನಾಥಾಲಯದ ಶಾಲೆಯನ್ನು ನೋಡಿಕೊಳ್ಳುತ್ತಿದ್ದಾಗ, ಸ್ಥಳೀಯ ಮಕ್ಕಳು ಮರಳಿನಲ್ಲಿ ಅಕ್ಷರ ಬರೆಯುವುದನ್ನು ಕಂಡು ಅದನ್ನು ತಮ್ಮ ಶಾಲೆಗೆ ಅಳವಡಿಸಿಕೊಂಡರು, ಮತ್ತು 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಜೋಸೆಫ್ ಲ್ಯಾಂಕಾಸ್ಟರ್ ಎಂಬವರು ಇದೇ ಬಗೆಯ ಪದ್ಧತಿಯನ್ನು ಬೆಳೆಸಿದರು. ಅದು ಕಡಲು ದಾಟಿ ಪ್ಯಾರಿಸ್ಸಿಗೂ ಬಂತು. ಲ್ಯಾಂಕಾಸ್ಟರ್ ಕಥೋಲಿಕರಲ್ಲದ ಕಾರಣ ಫ್ರಾನ್ಸಿನ ಅನೇಕ ಧರ್ಮನಿಷ್ಠರು ಈ ಪದ್ಧತಿಯನ್ನು ಅನುಮಾನದಿಂದ ಕಂಡರು, ಸೋದರಿಯರೂ ಟೀಕೆಗೆ ಗುರಿಯಾದರು. ಅಕ್ಷರ ಕಲಿಸಲು ಒಳ್ಳೆಯ ದಾರಿಯೊಂದಿದ್ದರೆ ಅದು ಯಾರ ಮನೆಯಿಂದ ಬಂದರೇನು ಎಂಬ ನಿಲುವಿನಲ್ಲಿ ಆನ್ ಮೇರಿ ಗಟ್ಟಿಯಾಗಿ ನಿಂತದ್ದು ನನಗೆ ಅವರ ಬಗ್ಗೆ ಗೌರವವನ್ನು ಹೆಚ್ಚಿಸುತ್ತದೆ.

ಧರ್ಮಾಧ್ಯಕ್ಷರೊಂದಿಗೆ ನಡೆದ ವಿವಾದವೇನು?

1829ರಲ್ಲಿ ಓತೂನ್‌ಗೆ ಹೊಸ ಧರ್ಮಾಧ್ಯಕ್ಷರಾಗಿ ದೆರಿಕೂರ್ ಬಂದರು. ಸಭೆಯ ಮೂಲಮನೆಯಾದ ಕ್ಲೂನಿ ತಮ್ಮ ಧರ್ಮಪ್ರಾಂತದಲ್ಲಿದೆ, ಆದ್ದರಿಂದ ಇಡೀ ಸಭೆಯ ಮುಖ್ಯಾಧಿಕಾರ ತಮ್ಮದು ಎಂಬುದು ಅವರ ವಾದ. ಅಷ್ಟರಲ್ಲಾಗಲೇ ಸೋದರಿಯರು ಫ್ರಾನ್ಸಿನ ಹಲವು ಧರ್ಮಪ್ರಾಂತಗಳಲ್ಲಿ ಮತ್ತು ಸಾಗರದಾಚೆಯ ವಸಾಹತುಗಳಲ್ಲಿ ಹರಡಿದ್ದರು. ಒಬ್ಬ ಧರ್ಮಾಧ್ಯಕ್ಷರು ಎಲ್ಲವನ್ನೂ ಆಳುವುದು ಆಗದ ಮಾತೆಂಬುದು ಮಹಾಮಾತೆಯ ಉತ್ತರ. 1835ರಲ್ಲಿ ಒತ್ತಡಕ್ಕೆ ಸಿಲುಕಿ ಹೊಸ ನಿಯಮಾವಳಿಗೆ ಅವರು ಸಹಿ ಹಾಕಿದರು. ಬೇಗನೆ ತಪ್ಪು ತಿಳಿದು ಅದನ್ನು ಹಿಂತೆಗೆದುಕೊಂಡರು.

ಇದರ ಬೆಲೆ ಕಠಿಣವಾಗಿತ್ತು. ಗಯಾನಾದಲ್ಲಿದ್ದಾಗ, 1841ರಿಂದ ಸುಮಾರು ಎರಡು ವರ್ಷ ಕಾಲ, ಅವರಿಗೆ ಪರಮಪ್ರಸಾದವನ್ನು ನಿರಾಕರಿಸಲಾಯಿತು. ಬಲಿಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿಯಾದ ಪರಮಪ್ರಸಾದವೆಂದರೆ ಕಥೋಲಿಕ ಸನ್ಯಾಸಿನಿಗೆ ದಿನದ ಉಸಿರು. ಹುಡುಗಿಯಾಗಿದ್ದಾಗ ಯಾವ ಬಲಿಪೂಜೆಗಾಗಿ ಕತ್ತಲಲ್ಲಿ ಕಾವಲು ನಿಂತಿದ್ದರೋ, ಅರವತ್ತರ ಅಂಚಿನಲ್ಲಿ ಅದೇ ಪೂಜೆಯಲ್ಲಿ ಉಳಿದವರು ಎದ್ದು ಹೋಗಿ ಪ್ರಸಾದ ಸ್ವೀಕರಿಸುವಾಗ ತಾವು ಮಾತ್ರ ಕುಳಿತಲ್ಲೇ ಕುಳಿತಿರಬೇಕಾಯಿತು. ಆದರೂ ಅವರು ಧರ್ಮಸಭೆಯ ವಿರುದ್ಧ ತಿರುಗಿಬೀಳಲಿಲ್ಲ, ತಮ್ಮ ನಿಲುವನ್ನೂ ಬಿಡಲಿಲ್ಲ.

ಹಳ್ಳಿಯ ಸಭೆ ಸಾಗರದಾಚೆಗೆ ಹೋದದ್ದು ಹೇಗೆ?

1817ರಲ್ಲಿ ನಾಲ್ವರು ಸೋದರಿಯರು ಇಂದು ರಿಯೂನಿಯನ್ ಎಂದು ಕರೆಯುವ ಬೂರ್ಬೋನ್ ದ್ವೀಪಕ್ಕೆ ಹೊರಟರು, 1819ರಲ್ಲಿ ಸೆನೆಗಲ್‌ಗೆ. ಆನ್ ಮೇರಿ ತಾವೇ 1822ರಲ್ಲಿ ಸೆನೆಗಲ್‌ಗೂ 1828ರಲ್ಲಿ ಗಯಾನಾದ ಮಾನಾ ಎಂಬಲ್ಲಿಗೂ ಹೋದರು. ಗುಲಾಮರ ಸಾಗಣೆಯ ಹಡಗುಗಳಿಂದ ವಶಪಡಿಸಿಕೊಂಡಿದ್ದ ಸುಮಾರು 500 ಆಫ್ರಿಕನ್ನರನ್ನು 1835ರ ನಂತರ ಸರ್ಕಾರ ಅವರ ಸುಪರ್ದಿಗೆ ಕೊಟ್ಟಿತು. ಅವರಲ್ಲಿ 150ಕ್ಕೂ ಹೆಚ್ಚು ಮಂದಿ 1838ರ ಮೇ ತಿಂಗಳಲ್ಲಿ ಪೂರ್ಣ ಸ್ವತಂತ್ರರಾದರು. ಸೋದರಿಯರ ಪ್ರಯಾಣ, ವೇತನ, ಕಟ್ಟಡಗಳು ಬಹುಪಾಲು ಫ್ರೆಂಚ್ ವಸಾಹತು ಇಲಾಖೆಯ ಹಣದಿಂದಲೇ ನಡೆದವೆಂಬುದನ್ನೂ ಮರೆಮಾಚದೆ ಹೇಳಬೇಕು.

ಭಾರತಕ್ಕೆ ಯಾವಾಗ ಬಂದರು? ಕರ್ನಾಟಕದ ನಂಟು ಏನು?

1827ರಲ್ಲಿ, ಸ್ಥಾಪಕಿ ಬದುಕಿದ್ದಾಗಲೇ, ಅವರ ಸೋದರಿಯರು ಫ್ರೆಂಚರ ಆಡಳಿತದಲ್ಲಿದ್ದ ಪಾಂಡಿಚೇರಿಗೆ ಬಂದಿಳಿದರು. ಅಲ್ಲಿ ಅವರು ನಡೆಸುವ ಕಸೂತಿ ಕೇಂದ್ರವನ್ನು ಇಂದಿಗೂ ನೋಡಬಹುದು. ಹಳ್ಳಿ ಶಾಲೆಯ ಹೊಲಿಗೆ ಪಾಠ ಅಲ್ಲಿ ಹೆಂಗಸರ ಜೀವನೋಪಾಯವಾಗಿ ಬೆಳೆದಿದೆ. ಕರ್ನಾಟಕದಲ್ಲಿ ಮಲ್ಲೇಶ್ವರದ ಶಾಲೆ ಈ ಪರಂಪರೆಯ ಕೊಂಡಿ.

ಸಂತ ಜೋಸೆಫರ ಹೆಸರಿನ ಎಲ್ಲ ಸೋದರಿಯರೂ ಒಂದೇ ಸಭೆಯವರೇ?

ಅಲ್ಲ. ಲ ಪ್ಯುಯಿ ಎಂಬ ಊರಿನಲ್ಲಿ 1650ರಲ್ಲಿ ಹುಟ್ಟಿದ ಸಂತ ಜೋಸೆಫರ ಸಭೆ ಬೇರೆ. ಅನೆಸಿ, ಶಾಂಬೇರಿ ಮೊದಲಾದವು ಅದರ ಕವಲುಗಳು. ಪಿರೆನೀಸ್ ಬೆಟ್ಟಗಳ ಬುಡದ ಕಾಂತಾವು ಹಳ್ಳಿಯಲ್ಲಿ 1843ರಲ್ಲಿ ಹುಟ್ಟಿದ ತಾರ್ಬ್‌ನ ಸಭೆ ಇನ್ನೊಂದು; ಅವರೂ ಬೆಂಗಳೂರಿನಲ್ಲಿದ್ದಾರೆ. ಹೆಸರು ಒಂದೇ ಆದ್ದರಿಂದ ಗೊಂದಲ ಸಹಜ.

ಆನ್ ಮೇರಿ ಅವರ ಕೊನೆಯ ದಿನಗಳು ಹೇಗಿದ್ದವು? ಅವರನ್ನು ಸಂತರೆಂದು ಘೋಷಿಸಲಾಗಿದೆಯೇ?

1950ರ ಅಕ್ಟೋಬರ್ 15ರಂದು ಪೋಪ್ ಹನ್ನೆರಡನೆಯ ಪಿಯುಸ್ ಅವರು ಆನ್ ಮೇರಿ ಅವರನ್ನು ‘ಪುನೀತೆ’ ಎಂದು ಘೋಷಿಸಿದರು. ಇದು ಸಂತ ಪದವಿಗೆ ಹಿಂದಿನ ಮೆಟ್ಟಿಲು. ಅದು ಅವಿಲದ ಸಂತ ತೆರೇಸರ ಹಬ್ಬದ ದಿನವೂ ಹೌದು.

ಅವರು ತೀರಿಕೊಂಡದ್ದು 1851ರ ಜುಲೈ 15ರಂದು, ಪ್ಯಾರಿಸ್ಸಿನಲ್ಲಿ. ಧರ್ಮಾಧ್ಯಕ್ಷ ದೆರಿಕೂರ್ ಅದಕ್ಕೆ ಕೆಲವೇ ದಿನಗಳ ಮೊದಲು ತೀರಿಕೊಂಡಿದ್ದರು. ಆ ಸುದ್ದಿ ಬಂದಾಗ ಹಾಸಿಗೆ ಹಿಡಿದಿದ್ದ ಮಹಾಮಾತೆ, ಅವರನ್ನು ನಮ್ಮ ಉಪಕಾರಿಗಳಲ್ಲಿ ಒಬ್ಬರೆಂದು ಎಣಿಸಬೇಕು ಎಂಬರ್ಥದ ಮಾತನ್ನು ತಮ್ಮ ಸೋದರಿಯರಿಗೆ ಹೇಳಿದರು. ಅವರ ನಂತರ ಸಭೆಯ ಹೊಣೆ ಹೊತ್ತವರು ಮದರ್ ರೊಸಾಲಿ. ಶಾಂಬ್ಲಾನ್‌ನ ಮನೆಯಲ್ಲಿ ಕ್ಲೋದೀನ್ ಎಂದು ಕರೆಸಿಕೊಳ್ಳುತ್ತಿದ್ದ ಕಿರಿಯ ತಂಗಿ.